ಲಗೋರಿ ಆಡುವ ಯಂತ್ರ, ಗುಂಡಿಗಿಳಿಯುವ ಮನುಷ್ಯ

ಏಷ್ಯಾ-ಪೆಸಿಫಿಕ್ ದೇಶಗಳ ಎಂಜಿನಿಯರಿಂಗ್ ಹುಡುಗರು ತಾವೇ ಕಟ್ಟಿದ ಯಂತ್ರಗಳನ್ನು ತಂದು ಆಡಿಸುವ ರೋಬೋಕಾನ್ ಎಂಬ ಸ್ಪರ್ಧೆ 2002ರಿಂದ ನಡೆದುಕೊಂಡು ಬಂದಿದೆ. ಆತಿಥ್ಯ ವಹಿಸುವ ದೇಶವೇ ಆ ವರ್ಷದ ಆಟ ಯಾವುದೆಂದು ಗೊತ್ತುಮಾಡುತ್ತದೆ. 2022ರಲ್ಲಿ ಸರದಿ ಭಾರತದ್ದು. ನಮ್ಮ ದೊಡ್ಡವರು ಕೂತು ಯೋಚಿಸಿ ಗೊತ್ತುಮಾಡಿದ್ದು ಲಗೋರಿ! ನಮ್ಮ ಕೇರಿಯ ಮಕ್ಕಳು ಒಡೆದ ಹೆಂಚಿನ ಚೂರು, ಚಿಂದಿ ಸುತ್ತಿದ ಚೆಂಡು ಇಟ್ಟುಕೊಂಡು ಬಿಸಿಲಲ್ಲಿ ಆಡುವ ಅದೇ ಲಗೋರಿ. ಅದಕ್ಕೂ ಮೊದಲು 2008ರಲ್ಲಿ ಪುಣೆಯಲ್ಲಿ ನಡೆದಾಗ ಕೊಟ್ಟದ್ದು 'ಗೋವಿಂದ', ಕೃಷ್ಣನ ಬೆಣ್ಣೆ ಗಡಿಗೆಯ ಆಟ.

ಲಗೋರಿಯನ್ನು ಹೀಗಳೆಯುವವರು ನಾವಲ್ಲ. ಅದು ನಮ್ಮದೇ ಆಟ. ಆದರೆ ಒಂದು ಮಾತು ಕೇಳದೆ ಬಿಡುವವರೂ ನಾವಲ್ಲ. ಬಿಲ್ಲೆ ಹೆಕ್ಕಿ ಪೇರಿಸುವುದಕ್ಕೆ ಯಂತ್ರ ಮಾಡಿ ಎಂದು ಹುಡುಗರಿಗೆ ಹೇಳಲು ಹೊಳೆದ ತಲೆಗೆ, ಬೆಣ್ಣೆ ಗಡಿಗೆಗೆ ಕೈ ಹಾಕುವ ಯಂತ್ರ ಮಾಡಿ ಎನ್ನಲು ಹೊಳೆದ ತಲೆಗೆ, ಮಲದ ಗುಂಡಿಗೆ ಕೈ ಹಾಕುವ ಯಂತ್ರ ಮಾಡಿ ಎನ್ನಲು ಯಾಕೆ ಹೊಳೆಯಲಿಲ್ಲ? ಆ ಗುಂಡಿಗೆ ಇಳಿಯುವವನು ಯಾವ ಕೇರಿಯವನು ಎನ್ನುವುದನ್ನು ನೋಡಿದರೆ ಉತ್ತರ ಸಿಗುತ್ತದೆ. ಅಗ್ರಹಾರದ ಹುಡುಗ ಒಂದೇ ಒಂದು ಸಲ ಮ್ಯಾನ್‌ಹೋಲಿಗೆ ಇಳಿದು ಹೆಣವಾಗಿ ಮೇಲೆ ಬಂದಿದ್ದರೆ ಈ ದೇಶದಲ್ಲಿ ಆ ಯಂತ್ರ ಯಾವಾಗಲೋ ತಯಾರಾಗಿರುತ್ತಿತ್ತು.

ಇಷ್ಟು ಹೇಳಿದ ಕೂಡಲೆ ನಮ್ಮ ಗೆಳೆಯರಲ್ಲೇ ಕೆಲವರು ಎದ್ದು ನಿಲ್ಲುತ್ತಾರೆ. 'ಈ ಸ್ಪರ್ಧೆಗಳೆಲ್ಲ ಬಂಡವಾಳಶಾಹಿಗಳ ಸರ್ಕಸ್ಸು ಕಣ್ರೀ, ಕಂಪನಿಗಳಿಗೆ ಕುದುರೆ ಪಳಗಿಸಿ ಕೊಡುವ ಜಾತ್ರೆ, ನಮಗೇಕೆ ಅದರ ಉಸಾಬರಿ' ಅನ್ನುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಸ್ಪರ್ಧೆ ನಮ್ಮ ಹುಡುಗರಿಗೆ ಬೇಕು. ಬೇರೆ ಯಾರಿಗಿಂತಲೂ ನಮ್ಮವರಿಗೇ ಹೆಚ್ಚು ಬೇಕು. ಯಾಕೆ ಅಂತ ಸ್ವಲ್ಪ ಬಿಡಿಸಿಯೇ ಹೇಳುತ್ತೇವೆ.

ನಮ್ಮ ನಾಡಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನಡೆಯುವ ವಿದ್ಯೆ ಏನು? ಬಾಯಿಪಾಠ. ವೇದ ಹೇಳಿಕೊಟ್ಟ ಹಾಗೆಯೇ ಮೋಟಾರನ್ನೂ ಹೇಳಿಕೊಡುತ್ತಾರೆ. ಗಿಳಿಯ ಹಾಗೆ ಒಪ್ಪಿಸಿದವನಿಗೆ ಅಂಕ. ನಾಲ್ಕು ವರ್ಷ ಓದಿದ ಹುಡುಗನ ಕೈಗೆ ಬೆಸುಗೆ ಕಡ್ಡಿ ಕೊಟ್ಟರೆ ಎಲ್ಲಿ ಹಿಡಿಯಬೇಕೆಂದು ಗೊತ್ತಿಲ್ಲದೆ ಬೆರಳು ಸುಟ್ಟುಕೊಳ್ಳುತ್ತಾನೆ. ಕೊನೆಯ ವರ್ಷದ ಪ್ರಾಜೆಕ್ಟು ಅಂಗಡಿಯಲ್ಲಿ ಸಿಗುತ್ತದೆ; ದುಡ್ಡು ಬಿಸಾಕಿದರೆ ಯಂತ್ರ, ವರದಿ, ಪರೀಕ್ಷಕರು ಕೇಳಬಹುದಾದ ಪ್ರಶ್ನೆ, ಅದಕ್ಕೆ ಉತ್ತರ, ಎಲ್ಲವೂ ಒಂದೇ ಚೀಲದಲ್ಲಿ. ಮೇಷ್ಟರಿಗೂ ಗೊತ್ತು, ಪರೀಕ್ಷಕನಿಗೂ ಗೊತ್ತು, ಹುಡುಗನ ಅಪ್ಪನಿಗೂ ಗೊತ್ತು. ಕೈ ಕೆಸರು ಮಾಡಿಕೊಳ್ಳುವುದು ಕೀಳು ಎಂದು ಸಾವಿರಾರು ವರ್ಷ ನಂಬಿಸಿದ ದೇಶದಲ್ಲಿ ಎಂಜಿನಿಯರನೂ ಕೈ ತೊಳೆದುಕೊಂಡೇ ಹುಟ್ಟುತ್ತಾನೆ. ಕೆಲಸವನ್ನು ಹಂಚುವ ನೆಪದಲ್ಲಿ ಕೆಲಸಗಾರರನ್ನೇ ಮೇಲು ಕೀಳೆಂದು ಒಡೆದಿಟ್ಟ ಈ ಏರ್ಪಾಡಿನ ಬುಡವನ್ನು ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ಕೆಲಸ ಬಲ್ಲವನಿಗೆ ಪುಸ್ತಕವಿಲ್ಲ, ಪುಸ್ತಕ ಬಲ್ಲವನಿಗೆ ಕೆಲಸವಿಲ್ಲ. ಪಂಪ್‌ಸೆಟ್ಟಿನ ಸದ್ದು ಕೇಳಿಯೇ ಬೇರಿಂಗು ಹೋಗಿದೆ ಎನ್ನುವ ನಮ್ಮೂರ ಮೆಕ್ಯಾನಿಕ್ ಎಸ್ಸೆಸ್ಸೆಲ್ಸಿ ಫೇಲು; ಬೇರಿಂಗಿನ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸುವವನಿಗೆ ಬೇರಿಂಗು ಕಂಡರೆ ಗುರುತು ಸಿಗುವುದಿಲ್ಲ.

ಇಂಥ ಕಡೆ ಸ್ಪರ್ಧೆಯ ಅಂಕಣ ಒಂದು ಒಳ್ಳೆಯ ಕೆಲಸ ಮಾಡುತ್ತದೆ. ಅಲ್ಲಿ ಬಾಯಿ ನಡೆಯುವುದಿಲ್ಲ. ಶಿಳ್ಳೆ ಊದಿದ ಮೇಲೆ ಯಂತ್ರ ಓಡಬೇಕು, ಅಷ್ಟೇ. ಕಾಲೇಜಿನ ಕೋಣೆಯಲ್ಲಿ ಬಿಳಿ ಗೆರೆ ಹಿಡಿದು ಸೊಗಸಾಗಿ ನಡೆದ ಯಂತ್ರ ಅಂಕಣದ ದೊಡ್ಡ ದೀಪಗಳ ಕೆಳಗೆ ಕುರುಡಾಗಿ ಗಿರಗಿರ ಸುತ್ತತೊಡಗುತ್ತದೆ. ಬೆಳಕು ಬದಲಾದರೆ ಸೆನ್ಸರು ಕಾಣುವುದೂ ಬದಲಾಗುತ್ತದೆ ಎನ್ನುವುದನ್ನು ಹುಡುಗ ಆ ಕ್ಷಣ ಕಲಿಯುತ್ತಾನೆ, ಸಾಯುವವರೆಗೆ ಮರೆಯುವುದಿಲ್ಲ. ನಾಲ್ಕು ಮೋಟಾರು ಒಟ್ಟಿಗೆ ಎದ್ದ ಕೂಡಲೆ ಬ್ಯಾಟರಿಯ ವೋಲ್ಟು ಕುಸಿದು, ಯಂತ್ರದ ಮಿದುಳಾದ ಕಂಟ್ರೋಲರು ಸತ್ತು ಮತ್ತೆ ಹುಟ್ಟುತ್ತದೆ. ಪ್ರೋಗ್ರಾಮು ಮೊದಲಿಂದ ಶುರು. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಮೂರು ರಾತ್ರಿ ಕಳೆದ ಹುಡುಗಿಗೆ ನಾಲ್ಕನೆಯ ರಾತ್ರಿ ತಪ್ಪು ತಂತಿಯಲ್ಲಿದೆ ಎಂದು ತಿಳಿಯುತ್ತದೆ. ನಟ್ಟು ಸಡಿಲವಾಗುತ್ತದೆ, ನಯವಾದ ನೆಲದಲ್ಲಿ ಗಾಲಿ ಜಾರುತ್ತದೆ, ಲೆಕ್ಕದಲ್ಲಿ ಮುಂದಕ್ಕೆ ಹೋದದ್ದು ನೆಲದಲ್ಲಿ ಅಲ್ಲೇ ಇರುತ್ತದೆ. ಮೂರು ನಿಮಿಷದಲ್ಲಿ ಗೊತ್ತಾಗುವ ಈ ಸತ್ಯಗಳು ಮೂರು ವರ್ಷದ ನೋಟ್ಸಿನಲ್ಲಿ ಇಲ್ಲ. ಪಕ್ಕದ ತಂಡದ ಯಂತ್ರ ನೋಡಿ 'ಇದನ್ನು ಹೀಗೂ ಮಾಡಬಹುದಿತ್ತಲ್ಲ' ಎಂದು ಬಾಯಿ ಬಿಡುವುದಿದೆಯಲ್ಲ, ಅದೇ ದೊಡ್ಡ ಪಾಠ.

ಆದ್ದರಿಂದ, ಗೆಳೆಯರೆ, ಸ್ಪರ್ಧೆಯನ್ನು ಸರ್ಕಸ್ಸು ಎನ್ನಬೇಡಿ. ಕೈಯ ಬುದ್ಧಿಗೆ ಅಂಕ ಕೊಡುವ ಪರೀಕ್ಷೆ ಈ ದೇಶದಲ್ಲಿ ಇದೊಂದೇ ಇರಬಹುದು. ಕಮ್ಮಾರನ ಮಗ, ಚಮ್ಮಾರನ ಮಗಳು, ನೇಕಾರರ ಮನೆಯ ಹುಡುಗ ಗೆಲ್ಲಬಹುದಾದ ಪರೀಕ್ಷೆ.

ಗೆಲ್ಲಬಹುದು, ಒಳಗೆ ಬಿಟ್ಟರೆ.

ಈ ಸ್ಪರ್ಧೆಗಳು ಹುಟ್ಟಿದ್ದು ದುಡ್ಡಿನ ಮನೆಯಲ್ಲಿ ಅಲ್ಲ ಎನ್ನುವುದನ್ನು ಮೊದಲು ತಿಳಿಯಬೇಕು. ಅಮೆರಿಕದ ಎಂಐಟಿಯಲ್ಲಿ 1970ರ ದಶಕದಲ್ಲಿ ವುಡಿ ಫ್ಲವರ್ಸ್ ಎಂಬ ಮೇಷ್ಟರು ತರಗತಿಯ ಹುಡುಗರಿಗೆಲ್ಲ ಒಂದೇ ತರದ ಗುಜರಿ ಸಾಮಾನಿನ ಚೀಲ ಕೊಟ್ಟು, ಇದರಲ್ಲೇ ಯಂತ್ರ ಮಾಡಿ ಸೆಣಸಿ ಎಂದರು. ಎಲ್ಲರಿಗೂ ಒಂದೇ ಚೀಲ. ಅಪ್ಪ ಶ್ರೀಮಂತನಾದರೂ ಅದೇ, ಬಡವನಾದರೂ ಅದೇ. ಜಪಾನಿನಲ್ಲಿ 1988ರಲ್ಲಿ ತಾಂತ್ರಿಕ ಶಾಲೆಗಳ ಹುಡುಗರಿಗಾಗಿ ಟೆಲಿವಿಷನ್ ಸಂಸ್ಥೆ ಎನ್‌ಎಚ್‌ಕೆ ಶುರುಮಾಡಿದ ಮೊದಲ ಸ್ಪರ್ಧೆ ಏನು ಗೊತ್ತೆ? ಟಾರ್ಚಿಗೆ ಹಾಕುವಂಥ ಒಣ ಬ್ಯಾಟರಿಯಲ್ಲಿ ಓಡುವ ಗಾಡಿಗಳ ಓಟ! ಆ ಬೇರಿನಿಂದಲೇ ರೋಬೋಕಾನ್ ಬೆಳೆದದ್ದು. ನಮ್ಮಲ್ಲಿ ದೂರದರ್ಶನದವರು ನಡೆಸುವ ರಾಷ್ಟ್ರಮಟ್ಟದ ಸುತ್ತಿಗೆ ಇಳಿಯುವ ತಂಡಗಳನ್ನು ಈಗ ನೋಡಿ. ಅಲ್ಯೂಮಿನಿಯಂ, ಹೊರದೇಶದ ಮೋಟಾರು, ಲಿಥಿಯಂ ಬ್ಯಾಟರಿ, ಅಚ್ಚು ಹಾಕುವ ಯಂತ್ರ, ಊರಿಂದೂರಿಗೆ ಸಾಗಣೆ, ಎಲ್ಲ ಸೇರಿ ಲಕ್ಷಗಟ್ಟಲೆ. ಪ್ರಾಯೋಜಕನನ್ನು ಹಿಡಿದು ತರುವ ಕಾಲೇಜಿಗೆ ಅಂಕಣ, ಉಳಿದವರಿಗೆ ಯೂಟ್ಯೂಬು.

ಸ್ಕಾಲರ್‌ಶಿಪ್ ಹಣ ಯಾವಾಗ ಬರುತ್ತದೆಂದು ಬ್ಯಾಂಕಿನ ಬಾಗಿಲು ಕಾಯುವ ನಮ್ಮ ಹಾಸ್ಟೆಲ್ ಹುಡುಗ ಸಾವಿರಾರು ರೂಪಾಯಿಯ ಮೋಟಾರನ್ನು ಸುಟ್ಟು ಕಲಿಯಬಲ್ಲನೆ? ಕಲಿಯುವುದೆಂದರೆ ಸುಡುವುದೇ. ಉಳ್ಳವನ ಮಗ ಎರಡು ಸುಟ್ಟು ಮೂರನೆಯದರಲ್ಲಿ ಗೆಲ್ಲುತ್ತಾನೆ. ನಮ್ಮವನು ಒಂದು ಸುಟ್ಟರೆ ಆ ವರ್ಷ ಮುಗಿಯಿತು.

ಇಷ್ಟಾದರೂ ತಂಡಕ್ಕೆ ಸೇರಿದನೆನ್ನಿ. ಒಳಗೆ ಏನು ನಡೆಯುತ್ತದೆ? ನಮ್ಮ ಹುಡುಗರು ಬಂದು ನಮ್ಮ ಹತ್ತಿರ ಹೇಳಿಕೊಳ್ಳುವುದು ಒಂದೇ ಕತೆ. ನಿಯಮ ಪುಸ್ತಕ ಇಂಗ್ಲಿಷಿನಲ್ಲಿದೆ, ಅದನ್ನು ಓದಿ ಹೇಳುವವನೇ ನಾಯಕ. ಪ್ರೋಗ್ರಾಮು ಬರೆಯುವುದು ಲ್ಯಾಪ್‌ಟಾಪು ಇದ್ದವನ ಕೆಲಸ. ತೀರ್ಪುಗಾರರ ಮುಂದೆ ನಿಂತು ವಿವರಿಸುವುದು ಕಾನ್ವೆಂಟಿನವಳ ಕೆಲಸ. ನಮ್ಮವನಿಗೆ? ಪೈಪು ಕೊಯ್ಯುವುದು, ಬೋಲ್ಟು ಬಿಗಿಯುವುದು, ಪೆಟ್ಟಿಗೆ ಹೊರುವುದು, ರಾತ್ರಿ ಹನ್ನೆರಡಕ್ಕೆ ಲ್ಯಾಬು ಗುಡಿಸಿ ಬೀಗ ಹಾಕುವುದು. ಎಲ್ಲರೂ ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು ಫೋಟೋಕ್ಕೆ ನಿಲ್ಲುತ್ತಾರೆ, ನಿಜ. ಊರಿನ ಜಾತಿ ಊರಲ್ಲೇ ಉಳಿಯುತ್ತದೆ ಅಂದುಕೊಂಡಿರಾ? ಅದು ಬ್ಯಾಗಿನಲ್ಲಿ ಕೂತು ಹಾಸ್ಟೆಲಿಗೆ ಬರುತ್ತದೆ, ಅಲ್ಲಿಂದ ಲ್ಯಾಬಿಗೆ ಬರುತ್ತದೆ. ತಮಾಷೆ ಎಂದರೆ ಅಂಕಣದಲ್ಲಿ ಯಂತ್ರ ಕೈಕೊಟ್ಟಾಗ ಮಾತ್ರ ಎಲ್ಲರೂ ಆ ಬೋಲ್ಟು ಬಿಗಿಯುವವನ ಮುಖ ನೋಡುತ್ತಾರೆ.

ಇದಕ್ಕೆ ದಾರಿಯೇ ಇಲ್ಲವೆ? ಇದೆ. ಐಐಟಿ ಮುಂಬೈಯವರು ಕೇಂದ್ರ ಸರ್ಕಾರದ ಹಣದಲ್ಲಿ ನಡೆಸಿಕೊಂಡು ಬಂದ ಇ-ಯಂತ್ರ ಸ್ಪರ್ಧೆಯಲ್ಲಿ ಆಯ್ಕೆಯಾದ ತಂಡಗಳಿಗೆ ಯಂತ್ರದ ಸಾಮಾನನ್ನು ಅವರ ಊರಿಗೇ ಕಳಿಸುವ ಪದ್ಧತಿ ತಂದರು. ಹುಡುಗರು ತಮ್ಮ ಕಾಲೇಜಿನಲ್ಲೇ ತಿಂಗಳುಗಟ್ಟಲೆ ಕೂತು ಮಾಡಬಹುದು; ಸಣ್ಣ ಊರಿನ ಕಾಲೇಜೂ ದೊಡ್ಡ ಊರಿನ ಕಾಲೇಜೂ ಒಂದೇ ಸಾಮಾನಿನಿಂದ ಶುರುಮಾಡುತ್ತವೆ. ಫ್ಲವರ್ಸ್ ಮೇಷ್ಟರ ಚೀಲದ ನ್ಯಾಯವೇ ಇದು. ಐಐಟಿಗಳನ್ನು ಹೊಗಳುವ ಅಭ್ಯಾಸ ನಮಗಿಲ್ಲ, ಅಲ್ಲಿ ನಮ್ಮ ಮಕ್ಕಳು ಪಡುವ ಪಾಡು ಗೊತ್ತಿದೆ. ಆದರೂ ಸರಿಯಾದದ್ದನ್ನು ಸರಿ ಎನ್ನಬೇಕು.

ಇನ್ನು ಮುಖ್ಯ ಮಾತಿಗೆ ಬರೋಣ. ಸ್ಪರ್ಧೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಧಿಕಾರ ಯಾರ ಕೈಯಲ್ಲಿದೆ? ಗೆದ್ದವನ ಕೈಯಲ್ಲೂ ಇಲ್ಲ, ತೀರ್ಪುಗಾರನ ಕೈಯಲ್ಲೂ ಇಲ್ಲ. ಯಂತ್ರ ಏನು ಮಾಡಬೇಕು ಎಂದು ಬರೆಯುವವನ ಕೈಯಲ್ಲಿದೆ. ಅವನು ಬರೆದ ಒಂದು ವಾಕ್ಯಕ್ಕೆ ಸಾವಿರಾರು ಹುಡುಗರ ನಿದ್ದೆ, ಬುದ್ಧಿ, ಬೆವರು ಒಂದು ವರ್ಷ ಹರಿಯುತ್ತದೆ.

ಅಮೆರಿಕದ ಸೇನೆಗೆ ಇದು ಚೆನ್ನಾಗಿ ಗೊತ್ತು. ಸೈನಿಕ ಸಾಯದ ಹಾಗೆ ಸಾಮಾನು ಸಾಗಿಸುವ, ಚಾಲಕನಿಲ್ಲದ ಗಾಡಿ ಅವರಿಗೆ ಬೇಕಿತ್ತು. ಅವರ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2004ರಲ್ಲಿ ಮೊಹಾವಿ ಮರುಭೂಮಿಯಲ್ಲಿ ಸ್ಪರ್ಧೆ ಇಟ್ಟಿತು. ಸುಮಾರು 240 ಕಿಲೋಮೀಟರ್ ದಾರಿ. ಎಲ್ಲರಿಗಿಂತ ಮುಂದೆ ಹೋದ ಗಾಡಿ 12 ಕಿಲೋಮೀಟರೂ ದಾಟಲಿಲ್ಲ. ಜನ ನಕ್ಕರು. ಮರುವರ್ಷವೇ, 2005ರಲ್ಲಿ, 5 ಗಾಡಿಗಳು ಗುರಿ ಮುಟ್ಟಿದವು. ಗೆದ್ದ ಸ್ಟ್ಯಾನ್‌ಫರ್ಡ್‌ನವರಿಗೆ 20 ಲಕ್ಷ ಡಾಲರ್. ಮುಂದೆ 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಅಣುಸ್ಥಾವರ ಸಿಡಿಯಿತು. ಒಳಗೆ ಹೋಗಿ ಒಂದು ಕವಾಟ ತಿರುಗಿಸಬೇಕು, ಮನುಷ್ಯ ಹೋಗುವಂತಿಲ್ಲ. ಮರುವರ್ಷ ಅದೇ ಡಾರ್ಪಾ ಹೊಸ ಸ್ಪರ್ಧೆ ಸಾರಿತು: ಬಾಗಿಲು ತೆರೆ, ಕವಾಟ ತಿರುಗಿಸು, ಗೋಡೆ ಕೊರೆ, ಮೆಟ್ಟಿಲು ಹತ್ತು. 2015ರ ಕೊನೆಯ ಸುತ್ತಿನಲ್ಲಿ ಕೋಟಿಗಟ್ಟಲೆ ಬೆಲೆಯ ಯಂತ್ರಗಳು ಕುಡುಕರ ಹಾಗೆ ಧೊಪ್ಪನೆ ಬಿದ್ದದ್ದನ್ನು ಲೋಕವೆಲ್ಲ ನೋಡಿತು. ಕೊನೆಗೆ ದಕ್ಷಿಣ ಕೊರಿಯಾದ ಕೈಸ್ಟ್ ತಂಡ ಗೆದ್ದಿತು. ಆ ಸೇನೆಯ ಬಗ್ಗೆ ನಮಗೆ ಯಾವ ಭಕ್ತಿಯೂ ಇಲ್ಲ. ಮನುಷ್ಯ ಹೋಗಬಾರದ ಜಾಗ ಎಂದು ಅವರಿಗೆ ಅನ್ನಿಸಿದ್ದಕ್ಕೆ ಮರುವರ್ಷವೇ ಸ್ಪರ್ಧೆ ಹುಟ್ಟಿತು ಎನ್ನುವುದನ್ನಷ್ಟೇ ನೋಡಿ.

ಮನುಷ್ಯ ಹೋಗಬಾರದ ಜಾಗ ನಮ್ಮಲ್ಲಿ ಪ್ರತಿ ಬೀದಿಯಲ್ಲಿದೆ, ಕಬ್ಬಿಣದ ಮುಚ್ಚಳ ಹಾಕಿ ಮುಚ್ಚಿದೆ. ಅದರೊಳಗೆ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಸ್ವಲ್ಪವಿದ್ದರೆ ನಾತ ಬರುತ್ತದೆ. ಹೆಚ್ಚಾದರೆ ಮೂಗೇ ಸತ್ತು ನಾತವೂ ತಿಳಿಯುವುದಿಲ್ಲ, ಮರುಕ್ಷಣ ಮನುಷ್ಯನೂ ಇಲ್ಲ. ಅವನನ್ನೆತ್ತಲು ಇಳಿದ ಎರಡನೆಯವನೂ, ಮೂರನೆಯವನೂ ಹಾಗೆಯೇ. 1993ರಲ್ಲಿ ಕಾನೂನು ಬಂತು, 2013ರಲ್ಲಿ ಇನ್ನೊಂದು ಬಂತು. 2014ರಲ್ಲಿ ಸುಪ್ರೀಂ ಕೋರ್ಟು ಗುಂಡಿಯಲ್ಲಿ ಸತ್ತವನ ಮನೆಗೆ 10 ಲಕ್ಷ ಕೊಡಿ ಎಂದಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಇಳಿಸುವುದು ನಿಲ್ಲಬೇಕು ಎಂದು ಮತ್ತೆ ಆಜ್ಞೆ ಮಾಡಬೇಕಾಯಿತು. ನಿಂತಿದ್ದರೆ ಮತ್ತೆ ಯಾಕೆ ಹೇಳಬೇಕಿತ್ತು?

ಈ ಕರ್ನಾಟಕದ ನೆಲಕ್ಕೆ ಇದು ಹೊಸ ಮಾತಲ್ಲ. ತಲೆಯ ಮೇಲೆ ಮಲ ಹೊರುವುದು ನಿಲ್ಲಲಿ ಎಂದು 1970ರ ದಶಕದಲ್ಲೇ ಮಂತ್ರಿಯಾಗಿ ಆಜ್ಞೆ ಮಾಡಿದವರು ಬಿ. ಬಸವಲಿಂಗಪ್ಪ. 2010ರ ಜುಲೈನಲ್ಲಿ ಸವಣೂರಿನ ಭಂಗಿ ಸಮಾಜದ ಜನ ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತರು. ಈ ಕೆಲಸದ ವಿರುದ್ಧ ದೇಶವಿಡೀ ಸುತ್ತಿ ಸಂಘಟನೆ ಕಟ್ಟಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಕೇರಿಯಲ್ಲಿ. ಚಿನ್ನ ತೆಗೆಯಲು ನೆಲದೊಳಗೆ ಮೈಲುಗಟ್ಟಲೆ ಯಂತ್ರ ಇಳಿಸಿದ ಊರಿನಲ್ಲಿ ಒಣ ಕಕ್ಕಸು ಬಳಿಯಲು ಯಂತ್ರವಿರಲಿಲ್ಲ, ಜಾತಿ ಇತ್ತು.

ಯಂತ್ರ ಆಗುವುದೇ ಇಲ್ಲ ಎನ್ನುವವರಿಗೆ ಕೇರಳದ ಹುಡುಗರು ಉತ್ತರ ಕೊಟ್ಟಿದ್ದಾರೆ. 2015ರಲ್ಲಿ ಕೋಳಿಕ್ಕೋಡಿನ ಮ್ಯಾನ್‌ಹೋಲಿನಲ್ಲಿ ಇಬ್ಬರು ಕೆಲಸಗಾರರು, ಅವರನ್ನು ಉಳಿಸಲು ಇಳಿದ ಆಟೋ ಚಾಲಕ ನೌಷಾದ್, ಮೂವರೂ ಸತ್ತರು. ಕುಟ್ಟಿಪ್ಪುರಂನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಗೆಳೆಯರು ಸೇರಿ ಬ್ಯಾಂಡಿಕೂಟ್ ಎಂಬ ಯಂತ್ರ ಮಾಡಿದರು. ಬ್ಯಾಂಡಿಕೂಟ್ ಎಂದರೆ ಹೆಗ್ಗಣ. 2018ರಲ್ಲಿ ತಿರುವನಂತಪುರದಲ್ಲಿ ಕೆಲಸಕ್ಕಿಳಿಯಿತು. ಗುಂಡಿಗಿಳಿಯುತ್ತಿದ್ದವರಿಗೇ ಅದನ್ನು ನಡೆಸುವ ತರಬೇತಿ ಕೊಟ್ಟರು. ಬೆರಳೆಣಿಕೆಯ ಹುಡುಗರಿಗೆ ಇಷ್ಟು ಸಾಧ್ಯವಾದರೆ, ಒಂದು ವರ್ಷ ರೋಬೋಕಾನಿನ ಎಲ್ಲ ತಂಡಗಳನ್ನೂ ಆ ಗುಂಡಿಯ ಕಡೆ ತಿರುಗಿಸಿದರೆ ಏನಾಗಬಹುದು!

ಹ್ಯಾಕಥಾನ್ ಎಂಬ ಜಾಗರಣೆಗಳಲ್ಲಿ ಮ್ಯಾನ್‌ಹೋಲಿನ ವಿಷಯವೂ ಬಂದುಹೋಗುತ್ತದೆ ಎಂದು ಯಾರಾದರೂ ಹೇಳಿಯಾರು. ಬಂದುಹೋಗುತ್ತದೆ, ಅಷ್ಟೇ. 36 ಗಂಟೆಯಲ್ಲಿ ರಟ್ಟಿನ ಮಾದರಿ, ಪರದೆಯ ಮೇಲೆ ಚಿತ್ರ, ಬಹುಮಾನದ ಚೆಕ್ಕು. ಕೆಸರು ಮುಟ್ಟಿ ಪರೀಕ್ಷೆ ಮಾಡಿದವರಾರು? 2020ರಲ್ಲಿ ಕೇಂದ್ರ ಸರ್ಕಾರ ಸಫಾಯಿಮಿತ್ರ ಸುರಕ್ಷಾ ಚಾಲೆಂಜ್ ಎಂದು ಶುರುಮಾಡಿದ್ದು ನಗರಸಭೆಗಳ ನಡುವಿನ ಪೈಪೋಟಿ. ಕಲಿಯುವ ಹುಡುಗರ ಅಂಕಣವಲ್ಲ.

ಎಂಜಿನಿಯರಿಂಗ್ ವಿದ್ಯೆಯ ದೃಷ್ಟಿಯಿಂದಲೇ ನೋಡಿ. ಲಗೋರಿಗಿಂತ ಗುಂಡಿ ಎಷ್ಟು ಕಠಿಣ, ಎಷ್ಟು ದೊಡ್ಡ ಪಾಠ! ಬಾಯಿ ಸುಮಾರು ಎರಡಡಿ ಅಗಲ. ಅಷ್ಟರಲ್ಲಿ ಇಳಿದು ಒಳಗೆ ಕೈ ಚಾಚಬೇಕು. ಒಳಗೆ ಮೀಥೇನ್ ಇರುತ್ತದೆ, ಗಾಳಿಯೊಡನೆ ನೂರಕ್ಕೆ ಐದರಿಂದ ಹದಿನೈದು ಪಾಲು ಬೆರೆತಿದ್ದರೆ ಒಂದು ಕಿಡಿ ಸಾಕು. ಹುಡುಗರು ಎಲ್ಲೆಲ್ಲೂ ಹಾಕುವ ಅಗ್ಗದ ಬ್ರಷ್ ಮೋಟಾರು ಒಳಗೇ ಕಿಡಿ ಹಾರಿಸುತ್ತದೆ. ಹಾಗಾದರೆ ಅದನ್ನು ಹೇಗೆ ಮುಚ್ಚುವುದು, ಅಥವಾ ಮೋಟಾರನ್ನು ಮೇಲೆಯೇ ಇಟ್ಟು ನೀರಿನ ಒತ್ತಡದಲ್ಲಿ ಕೈ ಆಡಿಸುವುದೆ? ರೇಡಿಯೋ ಅಲೆ ಮಣ್ಣು ಕಾಂಕ್ರೀಟು ದಾಟಿ ಸರಿಯಾಗಿ ಬರುವುದಿಲ್ಲ, ಹಗ್ಗದಂತೆ ತಂತಿ ಕಟ್ಟಿಯೇ ಇಳಿಸಬೇಕು. ಆ ತಂತಿ ಸಿಕ್ಕಿಕೊಂಡರೆ? ಕ್ಯಾಮರಾಕ್ಕೆ ಆವಿ ಹಿಡಿಯುತ್ತದೆ, ಬಟ್ಟೆ ಕೂದಲು ಪ್ಲಾಸ್ಟಿಕ್ಕು ಗಾಲಿಗೆ ಸುತ್ತುತ್ತದೆ. ಇದನ್ನು ಬಿಡಿಸಿದ ಹುಡುಗಿಗೆ ಯಾವ ಕಾರ್ಖಾನೆಯಲ್ಲೂ ಹೊಸದಾಗಿ ಕಲಿಸಬೇಕಾದ್ದು ಹೆಚ್ಚಿರುವುದಿಲ್ಲ.

ಯಂತ್ರ ಬಂದರೆ ಜಾತಿ ಹೋಯಿತು ಎಂದು ಭಾವಿಸುವಷ್ಟು ನಾವು ದಡ್ಡರಲ್ಲ. ಯಂತ್ರವನ್ನು ಶೆಡ್ಡಿನಲ್ಲಿ ನಿಲ್ಲಿಸಿ, ಮಂತ್ರಿ ಬಂದಾಗ ಹೂ ಹಾಕಿ, ರಾತ್ರಿ ಕಂತ್ರಾಟುದಾರ ಮನುಷ್ಯನನ್ನೇ ಇಳಿಸುವುದು ಈ ದೇಶದಲ್ಲಿ ಬಹಳ ಸುಲಭ. ಮನುಷ್ಯ ಡೀಸೆಲ್ಲಿಗಿಂತ ಅಗ್ಗ. ಅದಕ್ಕೆ ಬೀದಿಯ ಹೋರಾಟವೇ ಬೇಕು. ಆದರೆ 'ಯಂತ್ರ ಎಲ್ಲಿದೆ ಸ್ವಾಮಿ' ಎಂದು ರಾಗ ಎಳೆಯುವ ಅಧಿಕಾರಿಯ ಬಾಯಿಗೆ ಬೀಗ ಹಾಕಲು ಹತ್ತು ತಾಲ್ಲೂಕಿನ ಹತ್ತು ಯಂತ್ರ ಅವನ ಕಚೇರಿಯ ಮುಂದೆ ನಿಂತಿರಬೇಕು.

ನಮ್ಮ ಕೇಳಿಕೆ ಇಷ್ಟು. ಎಲ್ಲ ತಂಡಕ್ಕೂ ಒಂದೇ ಚೀಲ, ಖರ್ಚಿಗೆ ಕಟ್ಟುನಿಟ್ಟಿನ ಮಿತಿ. ನಿಯಮ ಪುಸ್ತಕ ಕನ್ನಡದಲ್ಲೂ ಇರಲಿ. ಅಂಕಣದಲ್ಲಿ ಚೀಟಿ ಎತ್ತಿ, ಬಂದ ಹೆಸರಿನವನು ತನ್ನದಲ್ಲದ ಕೆಲಸ ಮಾಡಿ ತೋರಿಸಲಿ. ಪ್ರೋಗ್ರಾಮು ಬರೆದವಳು ಬೋಲ್ಟು ಬಿಗಿಯಲಿ, ಬೋಲ್ಟು ಬಿಗಿದವನು ಪ್ರೋಗ್ರಾಮು ತಿದ್ದಲಿ. ಪಾಲಿಟೆಕ್ನಿಕ್, ಐಟಿಐ ಹುಡುಗರಿಗೂ ಅದೇ ಅಂಕಣ. ತೀರ್ಪುಗಾರರ ಸಾಲಿನಲ್ಲಿ ಪ್ರೊಫೆಸರರ ಪಕ್ಕ ಪೌರಕಾರ್ಮಿಕರು ಕೂರಲಿ, ಅವರಿಗೆ ಆ ದಿನದ ಕೂಲಿಯೂ ಸಿಗಲಿ. ಹಳ್ಳಿಯ ಮೇಷ್ಟರುಗಳೆ, ಅಟಲ್ ಟಿಂಕರಿಂಗ್ ಲ್ಯಾಬ್ ಎಂದು 2016ರಿಂದ ಶಾಲೆಗಳಿಗೆ ಬಂದ ಸಾಮಾನು ನಿಮ್ಮಲ್ಲಿ ಬೀರುವಿನೊಳಗೆ ಬೀಗ ಹಾಕಿಕೊಂಡಿದ್ದರೆ ಮೊದಲು ಆ ಬೀಗ ತೆಗೆಯಿರಿ. ಕಳೆದರೆ ಯಾರು ಜವಾಬ್ದಾರಿ ಎನ್ನುವ ಹೆಡ್‌ಮಾಸ್ಟರಿಗೆ ನಾವು ಬಂದು ಮಾತಾಡುತ್ತೇವೆ. ಎಂಜಿನಿಯರಿಂಗ್ ಓದುವ ತಮ್ಮ ತಂಗಿಯರೆ, ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಲ್ಲಿ ಕೊಳ್ಳುವ ದುಡ್ಡಿನಲ್ಲಿ ಒಂದು ಗ್ಯಾಸ್ ಸೆನ್ಸರು, ಎರಡು ಮೋಟಾರು ಬರುತ್ತವೆ. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ನೆರವು ಕೊಡುವ ಯೋಜನೆ ಇಟ್ಟುಕೊಂಡಿದೆ, ಅರ್ಜಿ ಹಾಕಿ.

ಮುಂದಿನ ವರ್ಷದ ಆಟ ಬರೆಯಲು ಕೂತ ದೊಡ್ಡವರು ಗುಂಡಿಯ ಒಳಗೆ ಎಂಥ ಮೆಟ್ಟಿಲಿದೆ, ಎಲ್ಲಿ ತುಕ್ಕು ಹಿಡಿದಿದೆ, ಕೆಸರು ಎಷ್ಟು ಗಟ್ಟಿ, ಎಂಥ ಹೊತ್ತಿನಲ್ಲಿ ಗ್ಯಾಸು ಏಳುತ್ತದೆ ಎಂದು ತಿಳಿಯಬೇಕಾದರೆ ಪುಸ್ತಕ ಹುಡುಕಬೇಕಾಗಿಲ್ಲ. ನಮ್ಮ ಕೇರಿಗೆ ಬರಲಿ, ಕೂರಿಸಿಕೊಂಡು ಹೇಳುವವರಿದ್ದಾರೆ. ಮಧ್ಯಾಹ್ನ ಎರಡರ ಮೇಲೆ ಬರಬೇಕು. ಅದಕ್ಕೆ ಮೊದಲು ಅವರೆಲ್ಲ ನಿಮ್ಮ ಬೀದಿಗಳಲ್ಲಿರುತ್ತಾರೆ.